ಮೈಗೆ ತಕ್ಕ ಕೋಲು: ಕಾರ್‌ಸ್ಟನ್ ಸೋಲ್‌ಹೈಮ್ ಎಂಬ ಇಂಜಿನಿಯರ್

(ದ್ವಿತೀಯ ವರ್ಷ, ಮೆಕ್ಯಾನಿಕಲ್ ವಿಭಾಗ)

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲೂಕು ಸುತ್ತಿ ಬಂದರೂ ನಿಮಗೆ ಒಂದು ಗಾಲ್ಫ್ ಮೈದಾನ ಸಿಗುವುದಿಲ್ಲ. ತೊಗರಿ ಹೊಲ ಸಿಗುತ್ತದೆ, ಜೋಳ ಸಿಗುತ್ತದೆ, ಭೀಮಾ ದಂಡೆಗೆ ಕಬ್ಬು ಸಿಗುತ್ತದೆ. ಗಾಲ್ಫ್ ಅಂದರೆ ನಮಗೆ ಟಿವಿ ಚಾನೆಲ್ ಬದಲಿಸುವಾಗ ಒಂದು ಸೆಕೆಂಡ್ ಕಾಣುವ ಹಸಿರು ಹುಲ್ಲು, ಅಷ್ಟೇ. ಹಿಂಗಿದ್ದ ಮೇಲೆ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಗಾಲ್ಫ್ ಕೋಲು ಮಾಡಿದ ಒಬ್ಬ ಮನುಷ್ಯನ ಕಥೆ ಯಾಕೆ ಅಂತ ನೀವು ಕೇಳಬಹುದು. ಕೇಳ್ರಿ, ತಪ್ಪೇನಿಲ್ಲ. ಉತ್ತರಕ್ಕೆ ಮೊದಲು ನಮ್ಮ ಊರಿಗೇ ಹೋಗಬೇಕು.

ಹಿಂದೆ ನಮ್ಮ ಕಡೆ ಸಲಿಕೆಗೆ ಕಾವು ಬೇಕಾದರೆ ಬಡಿಗೇರ ಮನೆಗೆ ಹೋಗುತ್ತಿದ್ದರು. ಕುಡುಗೋಲು ಬೇಕಾದರೆ ಕಂಬಾರರ ಕುಲುಮೆಗೆ. ಬಡಿಗೇರರು ಟೇಪು ಹಿಡಿದು ಅಳೆಯುತ್ತಿರಲಿಲ್ಲ. ಬಂದವರ ಎತ್ತರ ನೋಡುತ್ತಿದ್ದರು, ಕೈ ನೋಡುತ್ತಿದ್ದರು, ಜಾಲಿ ಕಟ್ಟಿಗೆ ಕೆತ್ತಿ ಕಾವು ಮಾಡಿಕೊಡುತ್ತಿದ್ದರು. ಪ್ರತಿ ಸಲ ರೊಕ್ಕ ಕೊಡುವ ಪದ್ಧತಿಯೂ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಆಯ ಅಂತ ಕಾಳು ಕೊಡುತ್ತಿದ್ದರು. ಅಂದರೆ ಮೈಗೆ ತಕ್ಕಂತೆ ಮಾಡಿಸಿದ ಸಾಮಾನು ಆಗ ಸಾಧಾರಣ ರೈತನಿಗೂ ಸಿಗುತ್ತಿತ್ತು.

ಈಗ ಪೂರ್ತಿ ಉಲ್ಟಾ ಆಗಿದೆ. ಅಂಗಡಿಯ ರೆಡಿಮೇಡ್ ಸಾಮಾನು ಅಗ್ಗ, ಅಳತೆ ಕೊಟ್ಟು ಮಾಡಿಸಿದ್ದು ದುಬಾರಿ. ಕಸ್ಟಮ್ ಎಂಬ ಶಬ್ದ ಕೇಳಿದರೇ ಅದು ಶ್ರೀಮಂತರದು ಅಂತ ಅನಿಸುತ್ತದೆ. ಫ್ಯಾಕ್ಟರಿ ಬೇಕಾ, ಅಳತೆ ಬೇಕಾ, ಎರಡರಲ್ಲಿ ಒಂದು ಆರಿಸಿಕೋ ಅನ್ನುವಂಥ ಪರಿಸ್ಥಿತಿ. ಎರಡನ್ನೂ ಒಟ್ಟಿಗೆ ತರಬಹುದು ಅಂತ ಮಾಡಿ ತೋರಿಸಿದವರಲ್ಲಿ ಒಬ್ಬರು ಕಾರ್‌ಸ್ಟನ್ ಸೋಲ್‌ಹೈಮ್. ಪಿಂಗ್ ಎಂಬ ಗಾಲ್ಫ್ ಕಂಪನಿಯ ಸ್ಥಾಪಕರು. ನಮ್ಮ ಬ್ಯಾಚಿನವರು ಹುಟ್ಟುವ ಮೊದಲೇ, 2000ರಲ್ಲಿ ತೀರಿಕೊಂಡರು. ಅವರು ಮೆಕ್ಯಾನಿಕಲ್ ಇಂಜಿನಿಯರ್. ಆದರೆ ಇಂಜಿನಿಯರಿಂಗ್ ಓದಲು ಕಾಲೇಜು ಸೇರಿ, ದುಡ್ಡಿಲ್ಲದೆ ಬಿಟ್ಟವರು.

ಚಪ್ಪಲಿ ಹೊಲಿಯುವವರ ಮಗ

ಕಾರ್‌ಸ್ಟನ್ ಹುಟ್ಟಿದ್ದು 1911ರ ಸೆಪ್ಟೆಂಬರ್ 15ರಂದು, ನಾರ್ವೆ ದೇಶದ ಬರ್ಗನ್ ಪಟ್ಟಣದಲ್ಲಿ. ಅವರು ಎರಡು ವರ್ಷದ ಕೂಸಾಗಿದ್ದಾಗ ಮನೆಯವರು ಅಮೆರಿಕಕ್ಕೆ ಹೋಗಿ ಸಿಯಾಟಲ್ ನಗರದಲ್ಲಿ ನೆಲೆಸಿದರು. ತಂದೆಯ ಕಸುಬು ಬೂಟು ಹೊಲಿಯುವುದು, ರಿಪೇರಿ ಮಾಡುವುದು. ಹುಡುಗನಿಗೆ ಮಾತ್ರ ಇಂಜಿನಿಯರ್ ಆಗುವ ಆಸೆ. ಹೈಸ್ಕೂಲು ಮುಗಿಸಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರಿದರು. ಅದು 1930ರ ದಶಕದ ಆರಂಭ, ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಬ್ಯಾಂಕುಗಳು ಮುಳುಗಿದ್ದವು, ಕೆಲಸ ಇರಲಿಲ್ಲ. ಫೀಸಿಗೆ ದುಡ್ಡು ಸಾಲದೆ ಕಾಲೇಜು ಬಿಟ್ಟು ತಂದೆಯ ಕಸುಬಿಗೇ ಇಳಿದರು.

ಈ ಭಾಗವನ್ನು ನಾವು ಬೇಗ ಓದಿ ಮುಂದೆ ಹೋಗಬಾರದು. ಬೂಟು ರಿಪೇರಿ ಮಾಡುವವನಿಗೆ ಒಂದು ವಿಷಯ ದಿನಾ ಕಣ್ಣಿಗೆ ಬೀಳುತ್ತದೆ. ಒಬ್ಬರ ಕಾಲಿನ ಹಾಗೆ ಇನ್ನೊಬ್ಬರ ಕಾಲು ಇರಂಗಿಲ್ಲ. ಒಬ್ಬರ ಹಿಮ್ಮಡಿ ಒಳಗೆ ಸವೆಯುತ್ತದೆ, ಇನ್ನೊಬ್ಬರದು ಹೊರಗೆ. ಸವೆದ ಅಟ್ಟೆ ನೋಡಿದರೆ ಆ ಮನುಷ್ಯ ಹೇಗೆ ನಡೆಯುತ್ತಾನೆ ಅಂತ ಹೇಳಬಹುದು. ಮುಂದೆ ಸೋಲ್‌ಹೈಮ್ ಗಾಲ್ಫ್ ಕೋಲಿಗೆ ಮಾಡಿದ್ದು ಹೆಚ್ಚುಕಡಿಮೆ ಇದೇ ಕೆಲಸ. ಹರಳಯ್ಯ, ಮಾದಾರ ಚೆನ್ನಯ್ಯರ ಹೆಸರು ಕೇಳಿ ಬೆಳೆದ ನಮಗೆ, ಆ ಕಾಯಕದಲ್ಲೂ ದೊಡ್ಡ ತಿಳುವಳಿಕೆ ಇರುತ್ತದೆ ಅಂತ ಬೇರೆಯವರು ಹೇಳಿಕೊಡಬೇಕಾಗಿಲ್ಲ.

1936ರಲ್ಲಿ ಲೂಯಿಸ್ ಎಂಬುವವರನ್ನು ಮದುವೆಯಾದರು. ಈ ಹೆಸರು ನೆನಪಿಡಿ, ಮುಂದೆ ಬರುತ್ತದೆ. ಸಂಸಾರ ನಡೆಸಲು ಕಾರ್‌ಸ್ಟನ್ ಮನೆ ಮನೆಗೆ ಹೋಗಿ ಅಡುಗೆ ಪಾತ್ರೆ ಮಾರಿದ್ದೂ ಉಂಟು. ಎರಡನೇ ಮಹಾಯುದ್ಧ ಬಂದಾಗ ಇಂಜಿನಿಯರ್‌ಗಳ ಕೊರತೆ ಆಯಿತು. ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಷನ್ ಕೋರ್ಸುಗಳಲ್ಲಿ ಓದಿ, ಸ್ಯಾನ್ ಡಿಯಾಗೋದ ರಯಾನ್ ವಿಮಾನ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಫೈರ್‌ಬಾಲ್ ಎಂಬ ಯುದ್ಧವಿಮಾನದ ಮೇಲೆ ಕೆಲಸ. ಆಮೇಲೆ ಕಾನ್‌ವೇರ್ ಕಂಪನಿಯಲ್ಲಿ ಕ್ಷಿಪಣಿ ಕೆಲಸ. 1953ರಲ್ಲಿ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿದರು. ಚಪ್ಪಲಿ ಅಂಗಡಿಯಿಂದ ಜೆಟ್ ವಿಮಾನದ ತನಕ ಬಂದ ಹಾದಿ ಇದು. ಡಿಗ್ರಿ ಕೈಯಲ್ಲಿ ಇರಲಿಲ್ಲ.

42ನೇ ವಯಸ್ಸಿಗೆ ಆಟ

ಜನರಲ್ ಎಲೆಕ್ಟ್ರಿಕ್‌ನ ಸಹೋದ್ಯೋಗಿಗಳು ಗಾಲ್ಫ್ ಆಡುತ್ತಿದ್ದರು. ಅವರ ಜೊತೆ ಹೋಗಿ ಸೋಲ್‌ಹೈಮ್ ಮೊದಲ ಸಲ ಕೋಲು ಹಿಡಿದಾಗ ಅವರಿಗೆ 42 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಕ್ರಿಕೆಟ್ ಬಿಟ್ಟು ಅಂಪೈರ್ ಆಗುತ್ತಾರೆ.

ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು. ಆಟದಲ್ಲಿ ಕೋಲಿಗೇ ಕ್ಲಬ್ ಅಂತಾರೆ. ನಾನು ಇಲ್ಲಿ ಕೋಲು ಅಂತಲೇ ಬರೆಯುತ್ತೇನೆ, ಇಲ್ಲದಿದ್ದರೆ ಆಡುವ ಸಂಘಕ್ಕೂ ಆಡುವ ಕೋಲಿಗೂ ಗೊಂದಲ ಆಗುತ್ತದೆ. ಒಬ್ಬ ಆಟಗಾರ ಚೀಲದಲ್ಲಿ ಹೆಚ್ಚೆಂದರೆ 14 ಕೋಲು ಇಟ್ಟುಕೊಳ್ಳಬಹುದು. ದೂರ ಹೊಡೆಯಲು ಡ್ರೈವರ್, ನಡುವಿನ ದೂರಕ್ಕೆ ಐರನ್‌ಗಳು, ಕೊನೆಗೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕಲು ಪಟರ್. ಪ್ರತಿ ಕೋಲಿಗೂ ಮೂರು ಭಾಗ: ಕೆಳಗೆ ಲೋಹದ ತಲೆ, ನಡುವೆ ಶಾಫ್ಟ್, ಮೇಲೆ ರಬ್ಬರಿನ ಹಿಡಿ. ನಮ್ಮ ಸಲಿಕೆಗೆ ಹೋಲಿಸಿದರೆ ತಲೆ ಅಂದರೆ ಅಲಗು, ಶಾಫ್ಟ್ ಅಂದರೆ ಕಾವು.

ಸೋಲ್‌ಹೈಮ್‌ಗೆ ಪಟರ್ ಕೈಗೆ ಹತ್ತಲಿಲ್ಲ. ಹತ್ತಿರದ ಚೆಂಡೂ ತಪ್ಪುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ತಮ್ಮ ಕೈಯನ್ನು ಬೈದುಕೊಂಡು ಇನ್ನಷ್ಟು ಪ್ರಾಕ್ಟೀಸ್ ಮಾಡುತ್ತಿದ್ದರು. ಇವರು ಇಂಜಿನಿಯರ್, ಕೋಲನ್ನು ಅನುಮಾನದಿಂದ ನೋಡಿದರು. ಆ ಕಾಲದ ಪಟರ್‌ಗಳಲ್ಲಿ ಲೋಹದ ತೂಕ ಪಟ್ಟಿಯ ಉದ್ದಕ್ಕೂ ಸಮನಾಗಿ ಹರಡಿರುತ್ತಿತ್ತು. ಚೆಂಡು ಸರಿಯಾಗಿ ಮಧ್ಯಕ್ಕೆ ತಾಗಿದರೆ ನೇರ ಹೋಗುತ್ತದೆ. ಸ್ವಲ್ಪ ಆಚೆ ಈಚೆ ತಾಗಿದರೆ ತಲೆ ತಿರುಗಿಬಿಡುತ್ತದೆ, ಚೆಂಡು ದಿಕ್ಕು ತಪ್ಪುತ್ತದೆ.

ಇದಕ್ಕೆ ಪರಿಹಾರ ನಮ್ಮ ಸಿಲೆಬಸ್ಸಿನಲ್ಲೇ ಇದೆ. ಮೊಮೆಂಟ್ ಆಫ್ ಇನರ್ಷಿಯಾ. ಅದೇ ತೂಕವನ್ನು ನಡುವಿನಿಂದ ತೆಗೆದು ಎರಡು ತುದಿಗೆ ಇಟ್ಟರೆ ವಸ್ತುವನ್ನು ತಿರುಗಿಸುವುದು ಕಷ್ಟವಾಗುತ್ತದೆ, ಯಾಕಂದರೆ ದೂರದ ವರ್ಗ ಲೆಕ್ಕಕ್ಕೆ ಬರುತ್ತದೆ. ಜಾತ್ರೆಯಲ್ಲಿ ದೊಂಬರಾಟದವರು ಹಗ್ಗದ ಮೇಲೆ ನಡೆಯುವಾಗ ಉದ್ದನೆಯ ಬಿದಿರು ಅಡ್ಡ ಹಿಡಿದಿರುವುದು ನೋಡಿದ್ದೀರಲ್ಲ, ಅದೇ ತತ್ವ. ಬಿದಿರು ಉದ್ದ ಇದ್ದಷ್ಟೂ ವಾಲುವುದು ನಿಧಾನ ಆಗುತ್ತದೆ, ಸರಿ ಮಾಡಿಕೊಳ್ಳಲು ಸಮಯ ಸಿಗುತ್ತದೆ.

ಸೋಲ್‌ಹೈಮ್ ಐಸ್‌ಕ್ರೀಮ್ ಕಡ್ಡಿ ಮತ್ತು ಸಕ್ಕರೆ ತುಂಡು ಸೇರಿಸಿ ಮಾದರಿ ಮಾಡಿ ನೋಡಿದರು. ಕಡ್ಡಿ ಎಂದರೆ ಪಟರ್‌ನ ಮುಖ, ಸಕ್ಕರೆ ತುಂಡು ಎಂದರೆ ತುದಿಗಳ ತೂಕ. 3ಡಿ ಪ್ರಿಂಟರ್ ಇಲ್ಲ, ಸಾಫ್ಟ್‌ವೇರ್ ಇಲ್ಲ. ಅಷ್ಟೊತ್ತಿಗೆ ಕಂಪನಿ ಅವರನ್ನು ಕ್ಯಾಲಿಫೋರ್ನಿಯಾಕ್ಕೆ ಕಳಿಸಿತ್ತು. 1959ರಲ್ಲಿ ರೆಡ್‌ವುಡ್ ಸಿಟಿಯ ತಮ್ಮ ಮನೆಯ ಗ್ಯಾರೇಜಿನಲ್ಲಿ ಮೊದಲ ಪಟರ್ ತಯಾರು ಮಾಡಿದರು. ಚೆಂಡಿಗೆ ತಾಗಿದಾಗ ಅದು ಪಿಂಗ್ ಅಂತ ಸದ್ದು ಮಾಡಿತು. ಆ ಸದ್ದೇ ಹೆಸರಾಯಿತು. ನಮ್ಮ ಮನೆಯಲ್ಲಿ ಹಿತ್ತಾಳೆ ಕೊಡ ಕೊಳ್ಳುವಾಗ ಬೆರಳಿನಿಂದ ಬಡಿದು ಸದ್ದು ಕೇಳಿ ಕೊಳ್ಳುತ್ತಾರಲ್ಲ, ಹಂಗ ಈ ಕೋಲು ಸದ್ದಿನಿಂದಲೇ ಗುರುತಾಯಿತು.

ಹಗಲು ಆಫೀಸು, ರಾತ್ರಿ ಗ್ಯಾರೇಜು

1961ರಲ್ಲಿ ಕಂಪನಿ ಅವರನ್ನು ಅರಿಜೋನಾದ ಫೀನಿಕ್ಸ್ ನಗರಕ್ಕೆ ವರ್ಗಾಯಿಸಿತು. ಹಗಲು ಆಫೀಸಿನ ಕೆಲಸ, ರಾತ್ರಿ ಗ್ಯಾರೇಜಿನಲ್ಲಿ ಪಟರ್. ಮಕ್ಕಳೂ ಕೈ ಹಚ್ಚಿದರು. ಹೆಂಡತಿ ಲೂಯಿಸ್ ಲೆಕ್ಕ, ಪತ್ರ, ವ್ಯವಹಾರ ನೋಡಿಕೊಂಡರು. ಹಲವು ವರ್ಷ ಇದು ಮನೆಮಂದಿಯ ಉದ್ಯೋಗವೇ ಆಗಿತ್ತು. ವೃತ್ತಿಪರ ಆಟಗಾರರು ಮೊದಮೊದಲು ಆ ವಿಚಿತ್ರ ಆಕಾರ ನೋಡಿ ನಕ್ಕರು. ಸೋಲ್‌ಹೈಮ್ ಟೂರ್ನಿಗಳಿಗೆ ಹೋಗಿ ಅಭ್ಯಾಸದ ಜಾಗದಲ್ಲಿ ನಿಂತು ಒಬ್ಬೊಬ್ಬರ ಕೈಗೂ ಪಟರ್ ಕೊಟ್ಟು ಹೊಡೆಸಿ ನೋಡಿದರು.

1966ರಲ್ಲಿ ಅವರ ಅತಿ ಪ್ರಸಿದ್ಧ ಪಟರ್ ಬಂತು. ಅದರ ಮೊದಲ ಚಿತ್ರ ಬರೆದದ್ದು ಗ್ರಾಮಫೋನ್ ರೆಕಾರ್ಡಿನ ಕಾಗದದ ಕವರಿನ ಮೇಲೆ. ಹೆಸರು ಕೊಟ್ಟದ್ದು ಲೂಯಿಸ್. ಇಂಗ್ಲಿಷಿನಲ್ಲಿ ಉತ್ತರ ಎಂಬ ಅರ್ಥದ ಆನ್ಸರ್ ಅಂತ ಇಡೋಣ ಅಂದರು. ಪಟರ್‌ನ ಚಿಕ್ಕ ತಲೆಯ ಮೇಲೆ ಅಷ್ಟು ಅಕ್ಷರ ಹಿಡಿಸುವುದಿಲ್ಲ ಅಂದಾಗ, ಉಚ್ಚಾರಣೆಗೆ ಬಾರದ ಡಬ್ಲ್ಯು ಅಕ್ಷರ ತೆಗೆದುಹಾಕಿ ಅಂತ ಅವರೇ ದಾರಿ ತೋರಿಸಿದರು. ಸ್ಪೆಲಿಂಗ್ ತಪ್ಪಾದ ಆ ಹೆಸರೇ ಉಳಿಯಿತು. 1967ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಜೂಲಿಯಸ್ ಬೋರೋಸ್ ಎಂಬ ಆಟಗಾರ ಅದೇ ಪಟರ್ ಹಿಡಿದು ಫೀನಿಕ್ಸ್ ಓಪನ್ ಗೆದ್ದರು. ಇವತ್ತು ಬೇರೆ ಬೇರೆ ಕಂಪನಿಯ ಪಟರ್ ನೋಡಿದರೂ ಬಹಳಷ್ಟು ಆ ಆಕಾರದ ಮಕ್ಕಳೇ.

1967ರಲ್ಲಿ ಸೋಲ್‌ಹೈಮ್ ಜನರಲ್ ಎಲೆಕ್ಟ್ರಿಕ್ ಬಿಟ್ಟರು. ಆಗ ಅವರಿಗೆ ಸುಮಾರು 55 ವರ್ಷ. ನಮ್ಮ ಮನೆಗಳಲ್ಲಿ ಆ ವಯಸ್ಸಿಗೆ ನಿವೃತ್ತಿ, ಪೆನ್ಷನ್, ಮಕ್ಕಳ ಮದುವೆ ಮಾತು ನಡೆಯುತ್ತವೆ. ದೊಡ್ಡ ಕಂಪನಿಯ ಸಂಬಳ ಬಿಟ್ಟು ಗ್ಯಾರೇಜಿನ ಕೆಲಸ ನಂಬಿಕೊಂಡು ಹೊರಡುವುದು ಸಣ್ಣ ಧೈರ್ಯ ಅಲ್ಲ. ಕಾರ್‌ಸ್ಟನ್ ಮ್ಯಾನುಫ್ಯಾಕ್ಚರಿಂಗ್ ಕಾರ್ಪೊರೇಷನ್ ಹೆಸರಿನಲ್ಲಿ ಫೀನಿಕ್ಸ್‌ನಲ್ಲಿ ಕಾರ್ಖಾನೆ ಶುರುವಾಯಿತು.

ಬಡಿದದ್ದು ಬಿಟ್ಟು ಎರಕ

ಪಟರ್‌ಗೆ ಕೆಲಸ ಮಾಡಿದ ತತ್ವವನ್ನು ಐರನ್‌ಗಳಿಗೂ ತರಬೇಕು ಅನ್ನುವುದು ಮುಂದಿನ ಹೆಜ್ಜೆ. ಆಗಿನ ಐರನ್ ತಲೆಗಳನ್ನು ಫೋರ್ಜಿಂಗ್ ಮಾಡುತ್ತಿದ್ದರು, ಅಂದರೆ ಕಾಸಿ ಬಡಿದು ಆಕಾರ ಕೊಡುವುದು. ತೂಕವೆಲ್ಲ ನಡುವೆ ಇರುತ್ತಿತ್ತು. ಸೋಲ್‌ಹೈಮ್ ಮೊದಲು ಅಂಥ ತಲೆಗಳ ಬೆನ್ನನ್ನೇ ಮಿಲ್ಲಿಂಗ್ ಮಾಡಿ ಟೊಳ್ಳು ತೆಗೆದು ನೋಡಿದರು. ಆಮೇಲೆ 1969ರಲ್ಲಿ ಎರಕದ ಐರನ್ ತಂದರು. ಬೆನ್ನಿನ ನಡುವೆ ಟೊಳ್ಳು, ತೂಕ ಅಂಚಿನ ಸುತ್ತ. ಊಟದ ತಾಟಿನ ಅಂಚು ಎದ್ದಿರುವ ಹಾಗೆ.

ಇದಕ್ಕೆ ಬಳಸಿದ್ದು ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್. ಹೆಸರು ಇಂಗ್ಲಿಷು, ವಿದ್ಯೆ ನಮಗೆ ಹಳೆಯದು. ದೇವಸ್ಥಾನದ ಪಂಚಲೋಹದ ಉತ್ಸವಮೂರ್ತಿ ಮಾಡುವುದೂ ಹೀಗೆಯೇ. ಮೇಣದಲ್ಲಿ ಆಕಾರ ಮಾಡು, ಸುತ್ತ ಮಣ್ಣು ಮೆತ್ತು, ಕಾಯಿಸಿ ಮೇಣ ಕರಗಿಸಿ ಹೊರಗೆ ಬಿಡು, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯಿ. ಕಾರ್ಖಾನೆಯಲ್ಲಿ ಮಣ್ಣಿನ ಬದಲು ಸೆರಾಮಿಕ್, ಪಂಚಲೋಹದ ಬದಲು ಸ್ಟೇನ್‌ಲೆಸ್ ಸ್ಟೀಲ್. ಬಡಿದು ಮಾಡಲು ಆಗದ ಟೊಳ್ಳು, ಅಂಚು, ತಿರುವು ಎಲ್ಲ ಎರಕದಲ್ಲಿ ಬರುತ್ತದೆ. ಮುಖ್ಯ ಅಂದರೆ, ಸಾವಿರ ತಲೆ ಮಾಡಿದರೂ ಸಾವಿರವೂ ಒಂದೇ ಥರ ಬರುತ್ತವೆ, ಕೈಯಿಂದ ತಿಕ್ಕಿ ಸರಿ ಮಾಡುವ ಕೆಲಸ ಕಡಿಮೆ.

ನಿಮಗೆ ಒಂದು ಅನುಮಾನ ಬಂದಿರಬೇಕು. ಸಾವಿರವೂ ಒಂದೇ ಥರ ಬಂದರೆ ಅದು ಮತ್ತೆ ರೆಡಿಮೇಡ್ ಆಯಿತಲ್ಲ? ಒಬ್ಬೊಬ್ಬರ ಮೈಗೆ ತಕ್ಕ ಕೋಲು ಎಲ್ಲಿ ಬಂತು? ಸೋಲ್‌ಹೈಮ್ ಮಾಡಿದ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದಕ್ಕೆ ಅವರು ಕೊಟ್ಟ ಉತ್ತರ.

ಒಂದು ಚುಕ್ಕೆ ಬಣ್ಣ

ಕೋಲನ್ನು ನೆಲಕ್ಕೆ ಸರಿಯಾಗಿ ಊರಿದಾಗ ಶಾಫ್ಟ್ ಮತ್ತು ನೆಲದ ನಡುವೆ ಒಂದು ಕೋನ ಇರುತ್ತದೆ. ಅದಕ್ಕೆ ಲೈ ಆ್ಯಂಗಲ್ ಅಂತಾರೆ. ಎತ್ತರದವರ ಕೈ ನೆಲದಿಂದ ಮೇಲೆ ಇದ್ದರೆ ಕೋಲು ಹೆಚ್ಚು ನೆಟ್ಟಗೆ ನಿಲ್ಲಬೇಕು. ಕೈ ನೆಲಕ್ಕೆ ಹತ್ತಿರ ಇರುವವರಿಗೆ ಕೋಲು ಹೆಚ್ಚು ಮಲಗಬೇಕು. ಕೋಲು ಮೈಗೆ ಹೊಂದದಿದ್ದರೆ ತಲೆಯ ಒಂದು ಅಂಚು ಮೇಲೆ ಏಳುತ್ತದೆ. ಬಲಗೈ ಆಟಗಾರನಿಗೆ ಕೋಲು ಅತಿಯಾಗಿ ನೆಟ್ಟಗಿದ್ದರೆ ಚೆಂಡು ಎಡಕ್ಕೆ ಎಳೆಯುತ್ತದೆ, ಅತಿಯಾಗಿ ಮಲಗಿದ್ದರೆ ಬಲಕ್ಕೆ ಹೋಗುತ್ತದೆ. ಆಟಗಾರ ತನ್ನದೇ ತಪ್ಪು ಅಂದುಕೊಂಡು ಸೊಂಟ ಬಗ್ಗಿಸುತ್ತಾನೆ, ಮಣಿಕಟ್ಟು ತಿರುಚುತ್ತಾನೆ, ಕೋಲಿಗೆ ತಕ್ಕಂತೆ ಮೈ ಬದಲಿಸುತ್ತಾನೆ. ಗಿಡ್ಡ ಮನುಷ್ಯ ಉದ್ದ ಕಾವಿನ ಸಲಿಕೆ ಹಿಡಿದು ಕಾಲುವೆ ತೋಡಿದ ಹಾಗೆ.

ದೊಡ್ಡ ಆಟಗಾರರಿಗೆ ಈ ತೊಂದರೆ ಮೊದಲೂ ಇರಲಿಲ್ಲ. ಸ್ಕಾಟ್ಲೆಂಡಿನ ಹಳೆಯ ಕಾಲದಲ್ಲಂತೂ ಕೋಲು ಮಾಡುವವರು ನಮ್ಮ ಬಡಿಗೇರರ ಹಾಗೆ ಒಬ್ಬೊಬ್ಬರನ್ನು ನೋಡಿ ಮಾಡಿಕೊಡುತ್ತಿದ್ದರು. ಕಾರ್ಖಾನೆ ಬಂದ ಮೇಲೆ ಕೋಲು ಹೆಚ್ಚು ಜನರಿಗೆ ಸಿಕ್ಕಿತು, ಅಳತೆ ಹೋಯಿತು. ಅಳತೆಯ ಕೋಲು ಬೇಕಾದರೆ ಒಂದೋ ಹೆಸರಾಂತ ಆಟಗಾರ ಆಗಿರಬೇಕು, ಇಲ್ಲ ಕೈ ತುಂಬ ದುಡ್ಡಿರಬೇಕು.

1972ರ ಹೊತ್ತಿಗೆ ಸೋಲ್‌ಹೈಮ್ ಕಲರ್ ಕೋಡ್ ಪದ್ಧತಿ ತಂದರು. ಬಹಳ ಸರಳ. ಬರುವ ಗಿರಾಕಿಯ ಎರಡು ಅಳತೆ ತೆಗೆಯಬೇಕು: ಒಂದು ಎತ್ತರ, ಇನ್ನೊಂದು ಮಣಿಕಟ್ಟಿನಿಂದ ನೆಲದ ತನಕ ಎಷ್ಟು ಅಂತ. ಒಂದು ಪಟ್ಟಿಯಲ್ಲಿ ಈ ಎರಡೂ ಅಳತೆ ಕೂಡುವ ಜಾಗದಲ್ಲಿ ಒಂದು ಬಣ್ಣ ಇರುತ್ತದೆ. ಕಪ್ಪು ಅಂದರೆ ಸಾಮಾನ್ಯ ಕೋನ. ನೀಲಿ, ಹಸಿರು ಅಂದರೆ ಹೆಚ್ಚು ನೆಟ್ಟಗೆ. ಕೆಂಪು, ಕಿತ್ತಳೆ ಅಂದರೆ ಹೆಚ್ಚು ಮಲಗಿದ್ದು. ಎಲ್ಲ ತಲೆಗಳೂ ಒಂದೇ ಎರಕದಿಂದ ಬರುತ್ತವೆ, ಆಮೇಲೆ ಕತ್ತಿನ ಹತ್ತಿರ ಒಂದೆರಡು ಡಿಗ್ರಿ ಬಗ್ಗಿಸಿ, ಬೆನ್ನಿಗೆ ಆ ಬಣ್ಣದ ಒಂದು ಚುಕ್ಕೆ ಹಾಕುತ್ತಾರೆ. ಅಷ್ಟೇ. ಇದರ ಮೇಲೆ ಆಟಗಾರ ಹೊಡೆಯುವುದನ್ನು ನೋಡಿ ಸ್ವಲ್ಪ ಹೆಚ್ಚುಕಡಿಮೆ ಮಾಡುತ್ತಾರೆ. ಬೂಟಿನ ಅಟ್ಟೆ ಸವೆದದ್ದು ನೋಡಿದ ಹಾಗೆ, ಕೋಲಿನ ತಳದಲ್ಲಿ ಗುರುತು ಎಲ್ಲಿ ಬಿದ್ದಿದೆ ಅಂತ ನೋಡುವುದು.

ಇಲ್ಲಿ ಬುದ್ಧಿವಂತಿಕೆ ಎಲ್ಲಿದೆ ನೋಡ್ರಿ. ಪ್ರತಿಯೊಬ್ಬರಿಗೂ ಬೇರೆ ಅಚ್ಚು ಮಾಡಲು ಹೋಗಿದ್ದರೆ ಕಂಪನಿ ಮುಳುಗುತ್ತಿತ್ತು. ಎಲ್ಲರಿಗೂ ಒಂದೇ ಕೋಲು ಕೊಟ್ಟಿದ್ದರೆ ಅಳತೆ ಇರುತ್ತಿರಲಿಲ್ಲ. ಅವರು ಏನು ಒಂದೇ ಇರಬೇಕು, ಏನು ಬದಲಾಗಬೇಕು ಅಂತ ಬೇರೆ ಬೇರೆ ಮಾಡಿದರು. ದುಬಾರಿ ಕೆಲಸವಾದ ಎರಕ ಎಲ್ಲರಿಗೂ ಒಂದೇ. ಅಗ್ಗದ ಕೆಲಸವಾದ ಬಗ್ಗಿಸುವುದು, ಉದ್ದ ಕತ್ತರಿಸುವುದು, ಹಿಡಿ ಹಾಕುವುದು, ಇವು ಒಬ್ಬೊಬ್ಬರಿಗೆ ಬೇರೆ. ಈಗ ಇದಕ್ಕೆ ಮಾಸ್ ಕಸ್ಟಮೈಸೇಷನ್ ಅಂತ ಹೆಸರಿದೆ. ಆಗ ಅದು ಒಂದು ಟೇಪು ಮತ್ತು ಬಣ್ಣದ ಡಬ್ಬಿ.

ಪಿಂಗ್ ಕೋಲುಗಳು ಅಗ್ಗ ಅಂತ ನಾನು ಹೇಳುತ್ತಿಲ್ಲ, ಅವು ಯಾವತ್ತೂ ಅಗ್ಗ ಆಗಿರಲಿಲ್ಲ. ಆದರೆ ಅಳತೆ ಅನ್ನುವುದು ಚಾಂಪಿಯನ್ನರ ಸೊತ್ತಾಗಿ ಉಳಿಯಲಿಲ್ಲ. ಭಾನುವಾರ ಮಾತ್ರ ಆಡುವ ಗುಮಾಸ್ತನೂ ತನ್ನ ಮೈಯಳತೆ ಕೊಟ್ಟು ಕೋಲು ತೆಗೆದುಕೊಳ್ಳುವಂತಾಯಿತು. ಆಮೇಲೆ ಬೇರೆ ಕಂಪನಿಗಳೂ ಈ ದಾರಿ ಹಿಡಿದವು. ತಲೆ, ಶಾಫ್ಟ್, ಹಿಡಿ ಬೇರೆ ಬೇರೆ ಕೊಂಡು ಎಪಾಕ್ಸಿ ಅಂಟು ಹಾಕಿ ಕಡಿಮೆ ಖರ್ಚಿನಲ್ಲಿ ಕೋಲು ಕಟ್ಟಿಕೊಡುವ ಸಣ್ಣ ಸಣ್ಣ ವರ್ಕ್‌ಶಾಪ್‌ಗಳೂ ಹೊರದೇಶಗಳಲ್ಲಿ ಬೆಳೆದವು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೂ ಮೈಗೆ ಹೊಂದುವ ಕೋಲು ಬೇಕು ಅನ್ನುವವರಿಗೆ ಇವತ್ತಿಗೂ ದಾರಿ ಇದೇ. ಮೊದಲು ಎತ್ತರ ಮತ್ತು ಮಣಿಕಟ್ಟಿನ ಅಳತೆ ತೆಗೆಸು, ಆಮೇಲೆ ಹೆಸರು ನೋಡು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ಬೆನ್ನಿನ ಚುಕ್ಕೆ ನೋಡಿದರೆ ಅದು ಎಂಥ ಮೈಗೆ ಮಾಡಿದ್ದು ಅಂತ ತಿಳಿಯುತ್ತದೆ. ಹೊಳೆಯುವ ಹೊಸ ಕೋಲಿಗಿಂತ ಹೊಂದುವ ಹಳೆಯ ಕೋಲು ಮೇಲು.

ನೂಲಿನೆಳೆಗಿಂತ ಸಣ್ಣ ಜಗಳ

1982ರಲ್ಲಿ ಬಂದ ಐ2 ಎಂಬ ಐರನ್ ಬಹಳ ಜನಪ್ರಿಯ ಆಯಿತು. ಅದೇ ಕೋಲು ಅವರಿಗೆ ದೊಡ್ಡ ಕಷ್ಟವನ್ನೂ ತಂದಿತು. ಐರನ್ ಮುಖದ ಮೇಲೆ ಅಡ್ಡ ಗೀರುಗಳಿರುತ್ತವೆ, ಟೈರಿನ ಗಾಡಿಯ ಹಾಗೆ. ಚೆಂಡಿಗೆ ಹಿಡಿತ ಸಿಗಲಿ ಅಂತ. ಮೊದಲು ಇವು ವಿ ಆಕಾರದಲ್ಲಿ ಇರಬೇಕಿತ್ತು. 1984ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಯು ಆಕಾರಕ್ಕೂ ಒಪ್ಪಿಗೆ ಕೊಟ್ಟಿತು. ಸೋಲ್‌ಹೈಮ್ ಯು ಆಕಾರ ಮಾಡಿದರು. ಅದರ ಚೂಪು ಅಂಚು ಚೆಂಡಿನ ಸಿಪ್ಪೆ ಕೀಳುತ್ತಿತ್ತು, ಹಾಗಾಗಿ ಅಂಚನ್ನು ಸ್ವಲ್ಪ ಉರುಟು ಮಾಡಿದರು.

ನಿಯಮ ಹೀಗಿತ್ತು: ಎರಡು ಗೀರುಗಳ ನಡುವಿನ ಅಂತರ ಒಂದು ಗೀರಿನ ಅಗಲದ ಮೂರು ಪಟ್ಟಿಗಿಂತ ಕಡಿಮೆ ಇರಬಾರದು. ಅಂಚು ಉರುಟಾದ ಮೇಲೆ ಗೀರು ಎಲ್ಲಿಂದ ಶುರು? ಉರುಟಿನ ಹೊರಗಿನಿಂದ ಅಳೆದರೆ ಗೀರು ಅಗಲ, ಅಂತರ ಕಡಿಮೆ, ನಿಯಮ ಮುರಿದ ಹಾಗೆ. ಒಳಗಿನಿಂದ ಅಳೆದರೆ ಎಲ್ಲ ಸರಿ. ಜಗಳ ಇದ್ದದ್ದು ನೂಲಿನೆಳೆಗಿಂತ ಸಣ್ಣ ಅಳತೆಯಲ್ಲಿ. ನಾವು ಮೆಟ್ರಾಲಜಿ ಲ್ಯಾಬಿನಲ್ಲಿ ವರ್ನಿಯರ್ ಹಿಡಿದು ಬೇಜಾರು ಮಾಡಿಕೊಳ್ಳುತ್ತೇವಲ್ಲ, ಅಂಥ ಒಂದು ಅಳತೆಯ ಮೇಲೆ ಇಡೀ ಕಂಪನಿಯ ಮಾನ ನಿಂತಿತ್ತು. ಲಕ್ಷಾಂತರ ಜನ ಈಗಾಗಲೇ ಕೊಂಡ ಕೋಲುಗಳು ಒಂದೇ ದಿನದಲ್ಲಿ ನಿಯಮಬಾಹಿರ ಆಗುವ ಸ್ಥಿತಿ.

ಸೋಲ್‌ಹೈಮ್ ಸುಮ್ಮನಿರಲಿಲ್ಲ. 1989ರಲ್ಲಿ ಗಾಲ್ಫ್ ಸಂಸ್ಥೆಯ ಮೇಲೆ 10 ಕೋಟಿ ಡಾಲರ್ ಮೊತ್ತದ ದಾವೆ ಹೂಡಿದರು. ಆಗ ಅವರಿಗೆ 77 ದಾಟಿತ್ತು. 1990ರ ಜನವರಿಯಲ್ಲಿ ರಾಜಿ ಆಯಿತು: ಮುಂದೆ ಮಾಡುವ ಕೋಲಿನ ಗೀರು ಬದಲಿಸುತ್ತೇನೆ, ಈಗಾಗಲೇ ಜನ ಕೊಂಡದ್ದು ಮಾತ್ರ ಕಾನೂನುಬದ್ಧವಾಗಿಯೇ ಇರಬೇಕು. ವೃತ್ತಿಪರರ ಪಿಜಿಎ ಟೂರ್ ಜೊತೆಗಿನ ಇನ್ನೊಂದು ಮೊಕದ್ದಮೆ 1993ರವರೆಗೆ ನಡೆದು ಅದೂ ರಾಜಿಯಲ್ಲಿ ಮುಗಿಯಿತು. ಅವರು ಹಟಮಾರಿ ಅನ್ನುವವರೂ ಇದ್ದರು. ಆದರೆ ತನ್ನ ಕೋಲು ಕೊಂಡ ಸಾಮಾನ್ಯ ಗಿರಾಕಿಯನ್ನು ನಡುನೀರಿನಲ್ಲಿ ಬಿಡಲಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅದೇ 1990ರಲ್ಲಿ ಅವರ ಮನೆತನದ ಬೆಂಬಲದಿಂದ ಅಮೆರಿಕ ಮತ್ತು ಯುರೋಪಿನ ಮಹಿಳಾ ವೃತ್ತಿಪರರ ನಡುವೆ ಸೋಲ್‌ಹೈಮ್ ಕಪ್ ಶುರುವಾಯಿತು. ಹೆಂಗಸರ ಗಾಲ್ಫಿಗೆ ಆಗ ಹಣವೂ ಕಡಿಮೆ, ಗೌರವವೂ ಕಡಿಮೆ. ಇವತ್ತಿಗೂ ಆ ಕಪ್ ನಡೆಯುತ್ತಿದೆ.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಅವರನ್ನು ಹಿಡಿಯಿತು. 1995ರಲ್ಲಿ ಮಗ ಜಾನ್ ಕಂಪನಿಯ ಜವಾಬ್ದಾರಿ ವಹಿಸಿಕೊಂಡರು. 2000ರ ಫೆಬ್ರವರಿ 16ರಂದು ಫೀನಿಕ್ಸ್‌ನಲ್ಲಿ ಕಾರ್‌ಸ್ಟನ್ ತೀರಿಕೊಂಡರು. 2001ರಲ್ಲಿ ವಿಶ್ವ ಗಾಲ್ಫ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. ಆಟ ಶುರು ಮಾಡಿದ್ದೇ 42ಕ್ಕೆ, ಆಟಗಾರನಾಗಿ ಹೆಸರು ಮಾಡಿದವರೂ ಅಲ್ಲ.

ನಮಗೇನು?

ನಮ್ಮ ರಾಜ್ಯಕ್ಕೆ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಬೆಂಗಳೂರಿನಲ್ಲಿ ಬೇರೆಯವರ ಕೋಲಿನ ಚೀಲ ಹೊರುವ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರು. ಆದರೂ ಆಟ ಬೆಂಗಳೂರು, ಮೈಸೂರಿನ ಕಡೆಗೇ ಉಳಿದಿದೆ. ಕಲಬುರಗಿ ಕಡೆಯ ಹುಡುಗ ಹುಡುಗಿಯರು ನಾಳೆಯೇ ಗಾಲ್ಫ್ ಆಡಬೇಕು ಅಂತ ನಾನು ಇದನ್ನು ಬರೆಯುತ್ತಿಲ್ಲ.

ನನ್ನ ತಲೆಯಲ್ಲಿ ಇರುವುದು ಬೇರೆ. ತೊಗರಿ ಹೊಲದಲ್ಲಿ ಕಸ ತೆಗೆಯುವ ಕೆಲಸ ಹೆಚ್ಚಾಗಿ ಹೆಂಗಸರದು. ಸಂತೆಯಲ್ಲಿ ಸಿಗುವ ರೆಡಿಮೇಡ್ ಕುರ್ಪಿಯ ಹಿಡಿ ಎಲ್ಲರಿಗೂ ಒಂದೇ ದಪ್ಪ. ನಮ್ಮ ಅಜ್ಜಿಯ ಕೈ ಸಣ್ಣದು, ಹಿಡಿ ದಪ್ಪ, ಮಧ್ಯಾಹ್ನದ ಹೊತ್ತಿಗೆ ಅಂಗೈ ನೋಯುತ್ತದೆ. ಬೆನ್ನಿಗೆ ಕಟ್ಟಿಕೊಳ್ಳುವ ಔಷಧಿ ಪಂಪಿನ ಪಟ್ಟಿ, ತಳ್ಳುವ ಎಡೆಕುಂಟೆಯ ಹಿಡಿ, ಇವೂ ಹಾಗೆಯೇ. ಯಾವುದೋ ಸರಾಸರಿ ಗಂಡಾಳಿನ ಅಳತೆಗೆ ಮಾಡಿದವು. ಮೊದಲು ಬಡಿಗೇರರು ನೋಡಿ ಕೆತ್ತುತ್ತಿದ್ದರು. ಈಗ ಅವರ ಮಕ್ಕಳೂ ನಮ್ಮ ಹಾಗೆ ಕಾಲೇಜಿಗೆ ಬಂದಿದ್ದಾರೆ, ಅದು ಒಳ್ಳೆಯದೇ. ಆದರೆ ಆ ಅಳತೆಯ ಕೆಲಸವನ್ನು ಈಗ ಯಾರು ಮಾಡಬೇಕು?

ಆ ಕೆಲಸ ನಮ್ಮ ಪಾಲಿಗೆ ಬಂದಿದೆ ಅಂತ ನನಗೆ ಅನಿಸುತ್ತದೆ. ಹಳೆಯ ಕಾಲ ವಾಪಸ್ ತರಲು ಆಗುವುದಿಲ್ಲ, ತರುವುದೂ ಬೇಡ, ಆಯದ ಕಾಲದಲ್ಲಿ ಜಾತಿಯ ಕಟ್ಟೂ ಇತ್ತು. ಆದರೆ ಕಬ್ಬಿಣದ ಅಲಗು ಎಲ್ಲರಿಗೂ ಒಂದೇ ಇರಲಿ, ಹಿಡಿ ಮಾತ್ರ ಮೂರು ದಪ್ಪದಲ್ಲಿ, ಕಾವು ಮೂರು ಉದ್ದದಲ್ಲಿ ಸಿಗಲಿ, ಪ್ರತಿಯೊಂದಕ್ಕೂ ಒಂದು ಬಣ್ಣದ ಚುಕ್ಕೆ ಇರಲಿ. ಅಂಗಡಿಯವರ ಹತ್ತಿರ ಒಂದು ಟೇಪು ಮತ್ತು ಒಂದು ಪಟ್ಟಿ ಇದ್ದರೆ ಸಾಕು. ಇದಕ್ಕೆ ರಾಕೆಟ್ ವಿಜ್ಞಾನ ಬೇಕಿಲ್ಲ. ರಾಕೆಟ್ ಕೆಲಸ ಮಾಡಿ ಬಂದ ಸೋಲ್‌ಹೈಮ್ ಕೂಡ ಇಷ್ಟೇ ಸರಳ ಮಾಡಿದರು.

ಮುಂದಿನ ಸೆಮಿಸ್ಟರ್‌ಗೆ ಮಿನಿ ಪ್ರಾಜೆಕ್ಟ್ ವಿಷಯ ಹುಡುಕಬೇಕು. ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದ ಗೆಳೆಯರು, ಗೆಳತಿಯರು ಯಾರಾದರೂ ಇದ್ದರೆ, ಈ ಸಲ ಊರಿಗೆ ಹೋದಾಗ ಮನೆಯ ಹೆಂಗಸರ ಎತ್ತರ, ಅಂಗೈ ಅಗಲ, ಮಣಿಕಟ್ಟಿನಿಂದ ನೆಲದ ಅಳತೆ ಬರೆದುಕೊಂಡು ಬನ್ರಿ. ನಾನೂ ತರುತ್ತೇನೆ. ಡ್ರಾಯಿಂಗ್ ಹಾಲ್‌ನಲ್ಲಿ ಕೂತು ಪಟ್ಟಿ ಮಾಡೋಣ.